ಬಿಎಸ್ಸಿ ಮಿಸ್ತ್ರಿಯ ಬುಶ್ ಪುರಾಣ

ಇದು ಆಗುವ ಕೆಲಸವೇ ಅಲ್ಲ ಎಂದು ಹೇಳಿದವರು ದಾದಾಸಾಹೇಬ ಮಾಮಾ. ನನ್ನ ಅಕ್ಕನ ಗಂಡ. ಮಂಗಸೂಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಬಿಡುವು ಬೇಕಾದಷ್ಟಿದೆ, ಅಭಿಪ್ರಾಯ ಅದಕ್ಕಿಂತ ಹೆಚ್ಚಿದೆ. ಕಾಗವಾಡದ ನಮ್ಮ ಮನೆಯಂಗಳದಲ್ಲಿ ನಿಂತಿದ್ದ ಕಾರಿನ ಮುಂದಿನ ಗಾಲಿಯನ್ನು ಚಪ್ಪಲಿಗಾಲಿನಿಂದ ಒಮ್ಮೆ ಒದ್ದು ನೋಡಿ ತೀರ್ಪು ಕೊಟ್ಟರು.

"ಯಶವಂತಾ, ಹದಿನೈದು ವರ್ಷದ ಗಾಡಿ ಇದು. ಮನಷ್ಯಾಗ ತೊಂಬತ್ತ ಆದಂಗ. ಇದಕ್ಕ ಹೊಸಾ ಬುಶ್ ಹಾಕೂದಂದ್ರ ಹೆಣಕ್ಕ ಹಲ್ಲಿನ ಸೆಟ್ ಹಾಕಿಸಿದಂಗ. ಅದೂ ಅಂಗಳದಾಗ ಕುಂತು. ಇದು ಪಾಸ್ ಆಗೂದಿಲ್ಲ. ಬೇಕಾರ ಬರದ ಕೊಡ್ತೀನಿ."

ಬರೆದು ಕೊಡಲಿಲ್ಲ. ಚಹಾ ಕುಡಿದರು.

ಕಾರು ನನ್ನದಲ್ಲ, ಮಗಳು ಸುಜಾತಾಳದು. ಆಕೆ ಅಥಣಿ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್. ಆರು ವರ್ಷ ಗುತ್ತಿಗೆ ಮೇಲೆ ದುಡಿದು ಈಗಷ್ಟೇ ಕಾಯಂ ಆಗಿದ್ದಾಳೆ. ಡ್ಯೂಟಿ ಎಂಟಕ್ಕೆ, ಆ ಹಳ್ಳಿಗೆ ಹೋಗುವ ಮೊದಲ ಬಸ್ಸು ತಲುಪುವುದು ಒಂಬತ್ತೂವರೆಗೆ. ಬಾಗಿಲಲ್ಲಿರುವ ಹೆಬ್ಬೆಟ್ಟಿನ ಯಂತ್ರಕ್ಕೆ ಬಸ್ಸಿನ ಕಥೆ ಹೇಳಲು ಬರುವುದಿಲ್ಲ, ಅದು ಅರ್ಧ ದಿನ ಗೈರುಹಾಜರಿ ಬರೆದು ಸುಮ್ಮನಾಗುತ್ತದೆ. ಹೊಸದಾಗಿ ಕಾಯಂ ಆದವರಿಗೆ ಇಂಥ ಗೈರುಹಾಜರಿ ನಾಲ್ಕಾರು ಬಿದ್ದರೆ ಮುಂದೆ ಏನಾಗುತ್ತದೆಂದು ಸರ್ಕಾರಿ ನೌಕರಿ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆಕೆಯ ನೌಕರಿ ನಿಂತಿರುವುದು ಈ ಕಾರಿನ ಮೇಲೆ. ಕಾರಿಗೆ ಹದಿನೈದು ವರ್ಷ ತುಂಬಿತ್ತು. ಇನ್ನೂ ಐದು ವರ್ಷ ರಸ್ತೆಯ ಮೇಲೆ ಓಡಬೇಕಾದರೆ ಚಿಕ್ಕೋಡಿಯಲ್ಲಿ ಇನ್‌ಸ್ಪೆಕ್ಟರರ ಮುಂದೆ ತಪಾಸಣೆಗೆ ನಿಲ್ಲಿಸಿ ಸರ್ಟಿಫಿಕೇಟು ಪಡೆಯಬೇಕು.

ಮೊದಲ ಸಲ ಸುಜಾತಾ ಒಬ್ಬಳೇ ಹೋಗಿದ್ದಳು. ಇನ್‌ಸ್ಪೆಕ್ಟರು ಕಬ್ಬಿಣದ ಸರಳೊಂದನ್ನು ಮುಂದಿನ ಗಾಲಿಯ ಹಿಂದೆ ತೂರಿಸಿ ಮೀಟಿದರಂತೆ. ಗಾಲಿ ಹಳೆಯ ಹಲ್ಲಿನಂತೆ ಅಲುಗಾಡಿತಂತೆ. "ಲೋವರ್ ಆರ್ಮ್ ಬುಶ್ ಹರದಾವ. ಹದಿನೈದು ದಿನದಾಗ ಸರಿ ಮಾಡಿಸಿಕೊಂಡ ಬರ್ರಿ" ಎಂದು ಬರೆದು ಕಳಿಸಿದರು. ಹೇಳಿದ್ದು ನೂರಕ್ಕೆ ನೂರು ಸರಿ. ತಪ್ಪು ನನ್ನದು. ಮೂವತ್ನಾಲ್ಕು ವರ್ಷ ಊರವರ ಗಾಡಿಗಳ ಬುಶ್ ನೋಡಿದವನು ಮಗಳ ಗಾಡಿಯ ಕೆಳಗೆ ಬಗ್ಗಿ ನೋಡಿರಲಿಲ್ಲ.

ನಾಲ್ಕು ಗ್ಯಾರೇಜು ತಿರುಗಿದೆ. ಎಲ್ಲರದೂ ಒಂದೇ ಉತ್ತರ: ಬುಶ್ ಒಂದನ್ನೇ ಈಗ ಯಾರೂ ಹಾಕುವುದಿಲ್ಲ, ಇಡೀ ಆರ್ಮ್ ಬದಲಿಸಬೇಕು, ಈ ಮಾಡೆಲ್ಲಿನ ಆರ್ಮ್ ಬರುವುದು ನಿಂತಿದೆ, ಆದ್ದರಿಂದ ಗಾಡಿಯನ್ನು ಗುಜರಿಗೆ ಕೊಡಿ. ನಾನು ಕೆಲಸಕ್ಕೆ ಸೇರಿದಾಗ ಬುಶ್ ಬದಲಿಸುತ್ತಿದ್ದೆವು. ನಡುಗಾಲದಲ್ಲಿ ಆರ್ಮ್ ಬದಲಿಸತೊಡಗಿದರು. ಈಗ ಗಾಡಿಯನ್ನೇ ಬದಲಿಸಿ ಎನ್ನುತ್ತಾರೆ. ಇದಕ್ಕೆ ಪ್ರಗತಿ ಎಂದು ಹೆಸರು.

ಕೊನೆಗೆ ಮಿರಜಿನ ಒಂದು ಹಳೆಯ ಬಿಡಿಭಾಗದ ಅಂಗಡಿಯಲ್ಲಿ, ಅಟ್ಟದ ಮೇಲಿನ ಧೂಳಿನ ಡಬ್ಬಿಯೊಂದರಲ್ಲಿ ಒಂದು ಜತೆ ಬುಶ್ ಸಿಕ್ಕವು. ಅಂಗಡಿಯಾತ ಡಬ್ಬಿ ಒರೆಸುತ್ತ, "ಇವ ಕಡೀ ಜೋಡಿ ನೋಡ್ರಿ. ಕೆಡಿಸಿದ್ರ ಮತ್ತ ಇಲ್ಲ" ಎಂದ. ಅವನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದಾಗಲೇ ಮಾಮಾ ಕಾರನ್ನು ಒದ್ದು ನೋಡಿದ್ದು.

ಈ ಕಸುಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬುಶ್ ಅಂದರೇನು ಎಂದು ಅವರಿಗೆ ಮೊದಲು ಹೇಳಿಬಿಡಬೇಕು. ಗಾಲಿಯನ್ನು ಹಿಡಿದಿರುವ ಕಬ್ಬಿಣದ ತೋಳು, ಅಂದರೆ ಆರ್ಮ್, ಗಾಡಿಯ ಮೈಗೆ ಸೇರುವ ಜಾಗದಲ್ಲಿ ಒಂದು ರಬ್ಬರಿನ ಗುಂಡು ಇರುತ್ತದೆ. ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ರಬ್ಬರು. ರಸ್ತೆಯ ಹೊಡೆತ ಒಂದು ಕಡೆಯಿಂದ, ಗಾಡಿಯ ಭಾರ ಇನ್ನೊಂದು ಕಡೆಯಿಂದ, ಎರಡನ್ನೂ ಅದು ಬಾಯಿ ಮುಚ್ಚಿ ತಿನ್ನುತ್ತದೆ. ಅವ್ವ ಮತ್ತು ಹೆಂಡತಿಯ ನಡುವೆ ಸಿಕ್ಕ ಗಂಡಸಿನ ಹಾಗೆ. ಬದುಕಿರುವ ತನಕ ಅದೊಂದು ಇದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಸತ್ತ ಮೇಲೆ ಮಾತ್ರ ಎಲ್ಲರಿಗೂ ಸದ್ದು ಕೇಳಿಸುತ್ತದೆ.

ಇನ್ನು ನಾನು ಯಾರು ಎಂಬುದು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ಮನುಷ್ಯ ನಾನು. ಅಪ್ಪ ಅವ್ವ ಬೇರೆಯವರ ಹೊಲದಲ್ಲಿ ಕಬ್ಬು ಕಡಿದವರು. ಚಿಕ್ಕೋಡಿಯಲ್ಲಿ ಕಾಲೇಜು, ಫಿಜಿಕ್ಸಿನಲ್ಲಿ ಬಿಎಸ್ಸಿ. ಕೆಮಿಸ್ಟ್ರಿ ಎರಡು ಸಲ ಬರೆದೆ, ಮುಚ್ಚಿಡುವುದಿಲ್ಲ. ಈ ಡಿಗ್ರಿಯ ಮಾತನ್ನು ಕೇಳಿ ಕೇಳಿ ಮನೆಯವರಿಗೆ ಬೇಸರ ಬಂದಿದೆ, ಹೇಳಿ ಹೇಳಿ ನನಗೆ ಬಂದಿಲ್ಲ.

ರಾಯಬಾಗ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನ ಜಾಗ ಖಾಲಿ ಇದೆ ಎಂಬ ಜಾಹೀರಾತು ನೋಡಿ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಆ ಕುರ್ಚಿಯಲ್ಲಿ ಆಗಲೇ ಯಾರದೋ ಸೋದರಳಿಯ ಕುಳಿತು ನಮ್ಮ ಅರ್ಜಿಗಳನ್ನು ಇಸಿದುಕೊಳ್ಳುತ್ತಿದ್ದ. ಕಚೇರಿಯವರು ನನ್ನ ಹೆಸರು, ಊರು, ಓಣಿ ಎಲ್ಲ ಓದಿ, ವಾಹನ ವಿಭಾಗದಲ್ಲಿ ಹೆಲ್ಪರ್ ಕೆಲಸವಿದೆ, ಬೇಕಾದರೆ ಸೇರು ಎಂದರು. ಓಣಿಯ ಹೆಸರು ಓದಿದ ಮೇಲೆ ಡಿಗ್ರಿಯ ವಿಷಯ ಯಾರೂ ಎತ್ತಲಿಲ್ಲ. ಇಸ್ತ್ರಿ ಅಂಗಿಯಲ್ಲೇ ಶೆಡ್ಡಿಗೆ ಹೋದೆ.

ಶೆಡ್ಡಿನ ದೊರೆ ಇಮಾಮಸಾಬ ವಸ್ತಾದ. ದೊಡ್ಡ ಮಿಸ್ತ್ರಿಗೆ ನಮ್ಮ ಕಡೆ ವಸ್ತಾದ ಅನ್ನುತ್ತಾರೆ. ಮೂರನೆಯ ಇಯತ್ತೆಯವರೆಗೆ ಶಾಲೆ, ಆಮೇಲೆ ಪೂರ್ತಿ ಗಾಡಿಯ ಕೆಳಗೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನ ಓದೀದಿ?"

"ಬಿಎಸ್ಸಿ ರೀ."

"ಹಾಂ. ಹಂಗಾರ ಬ್ಯಾಟರಿ ಹಿಡಿ. ಬೆಳಕ ಎಲ್ಲಿ ಬೀಳಬೇಕಂತ ಗೊತ್ತೈತಿಲ್ಲ, ಅದನ್ನರೆ ಕಲಿಸ್ಯಾರಿಲ್ಲೊ?"

ಅಂದಿನಿಂದ ನನ್ನ ಹೆಸರೇ ಬಿಎಸ್ಸಿ. ಸಂಬಳದ ಪುಸ್ತಕದಲ್ಲಿ ಮಾತ್ರ ಯಶವಂತ. ಮೊದಲ ಎಂಟು ತಿಂಗಳು ಬರೀ ಬ್ಯಾಟರಿ ಹಿಡಿದೆ. ಪುಸ್ತಕ ಹಿಡಿದ ಕೈಗೆ ಪಾನಾ, ಅಂದರೆ ಸ್ಪ್ಯಾನರು, ಕೂಡುವುದಿಲ್ಲ ಎಂಬುದು ವಸ್ತಾದರ ಸಿದ್ಧಾಂತ. ಪಾನಾ ಹಿಡಿದ ಕೈಗೆ ಕಚೇರಿಯ ಕುರ್ಚಿ ಕೂಡುವುದಿಲ್ಲ ಎಂಬುದು ಕಚೇರಿಯವರ ಸಿದ್ಧಾಂತ. ಎರಡೂ ಸಿದ್ಧಾಂತಗಳು ನನ್ನ ಒಬ್ಬನ ಮೇಲೆಯೇ ಪ್ರಯೋಗವಾದವು.

ನನ್ನ ಮೊದಲ ದೊಡ್ಡ ಕೆಲಸವೇ ನನ್ನ ಮೊದಲ ದೊಡ್ಡ ಪ್ರಮಾದ. ಹಂಗಾಮು ಶುರುವಾಗುವ ಮುಂಚೆ ಕಬ್ಬಿನ ಅಧಿಕಾರಿಗಳು ಹೊಲ ತಿರುಗುವ ಆರು ಜೀಪುಗಳ ಮುಂದಿನ ಬುಶ್ ಬದಲಿಸಬೇಕಿತ್ತು. ವಸ್ತಾದರು ನನಗೇ ಒಪ್ಪಿಸಿದರು, ಯಾಕೆ ಎಂದು ನಾನು ಆಗ ಕೇಳಲಿಲ್ಲ. ಜೀಪುಗಳನ್ನು ಒಂದೊಂದಾಗಿ ಎತ್ತಿ, ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಬುಶ್ ಕೂರಿಸಿ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬೋಲ್ಟ್ ಬಿಗಿದೆ. ನಾಲ್ಕು ದಿನದಲ್ಲಿ ಆರೂ ಜೀಪು ಮುಗಿಸಿ, ಡೈರಿಯಲ್ಲಿ ಚಿತ್ರ ಸಮೇತ ಬರೆದಿಟ್ಟೆ. ವಸ್ತಾದರು ಪಕ್ಕದಲ್ಲೇ ಬೀಡಿ ಸೇದುತ್ತ ನೋಡಿದರು. ಒಂದು ಮಾತು ಆಡಲಿಲ್ಲ. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ತಿಂಗಳು ತುಂಬುವುದರೊಳಗೆ ಆರೂ ಜೀಪು ಹಳೆಯ ಮಂಚದಂತೆ ಕಿರುಗುಡುತ್ತ ಶೆಡ್ಡಿಗೆ ಮರಳಿದವು. ಹೊಸ ರಬ್ಬರೆಲ್ಲ ಸುತ್ತಲೂ ಹರಿದಿತ್ತು. ವಾಹನ ವಿಭಾಗದ ಮುಖ್ಯ ಸಾಹೇಬರು ಘಟ್ಟದಾಚೆಯ ಮರಾಠಿ ಮನುಷ್ಯ, ಸಿಟ್ಟು ಬಂದಾಗ ಮಾತ್ರ ಕನ್ನಡ ಮಾತಾಡುತ್ತಿದ್ದರು, ಕೆಳಗಿನವರಿಗೆ ಪೂರ್ತಿ ಮುಟ್ಟಲಿ ಎಂದು. "ಕಾಯ ಹೋ ಬಿಎಸ್ಸಿ, ನಿಮ್ಮ ಕಾಲೇಜಿನ್ಯಾಗ ರಬ್ಬರ ಹರಿಯೂದ ಕಲಿಸ್ತಿದ್ರ ಏನು?" ಎಂದು ಎಲ್ಲರೆದುರು ಕೇಳಿದರು. ಎಲ್ಲರೂ ನಕ್ಕರು. ಕುರ್ಚಿಯ ಸೋದರಳಿಯ ಸ್ವಲ್ಪ ಹೆಚ್ಚೇ ನಕ್ಕ.

ಶೆಡ್ಡಿಗೆ ಬಂದ ಮೇಲೆ ವಸ್ತಾದರು ಬಾಯಿ ಬಿಟ್ಟರು.

"ಲೇ ಬಿಎಸ್ಸಿ, ನೀ ಬೋಲ್ಟ ಬಿಗದಾಗ ಗಾಡಿ ಎಲ್ಲಿತ್ತು?"

"ಮ್ಯಾಲ ಎತ್ತಿದ್ದೆ ರೀ."

"ಓಡೂದ ಎಲ್ಲಿ?"

"ನೆಲದ ಮ್ಯಾಲ."

"ಮತ್ತ? ನೀ ಹಾರೂ ಗಾಡಿಗೆ ಬಿಗಿ ಮಾಡೀದಿ. ನೆಲಕ್ಕ ಇಳಿಸಿದ ಕೂಡ್ಲೆ ತೋಳು ಮ್ಯಾಲ ಏರತೈತಿ, ಬೋಲ್ಟ ಹಿಡಕೊಂಡ ರಬ್ಬರ ತಿರುವ್ಯಾಡತೈತಿ. ದಿನಾ ಮುಂಜಾನಿಂದ ಸಂಜೀತನಾ ಒಬ್ಬನ ಕುತ್ತಗಿ ಹಿಂದ ತಿರುವಿ ಹಿಡದ್ರ ಅಂವ ಎಷ್ಟ ದಿನಾ ಬದುಕತಾನ?"

ಗಾಲಿ ನೆಲದ ಮೇಲೆ ಕುಳಿತು, ಗಾಡಿಯ ಪೂರ್ತಿ ಭಾರ ಬಿದ್ದ ಮೇಲೆಯೇ ಬೋಲ್ಟನ್ನು ಕೊನೆಯ ಬಿಗಿ ಬಿಗಿಯಬೇಕು. ಇಷ್ಟೇ ಮಾತು. ಫಿಜಿಕ್ಸಿನಲ್ಲಿ ತಿರುಚುವ ಬಲದ ಬಗ್ಗೆ ಹನ್ನೆರಡು ಪುಟ ಉರು ಹೊಡೆದು ಅಂಕ ತೆಗೆದವನು ನಾನು. ಆ ಹನ್ನೆರಡು ಪುಟದಲ್ಲಿ ಜೀಪು ಎಲ್ಲೂ ಬಂದಿರಲಿಲ್ಲ.

"ಅವಾಗ ಯಾಕ ಹೇಳಲಿಲ್ಲ ರೀ ವಸ್ತಾದ?" ಎಂದು ಕೇಳಿದೆ.

"ಹೇಳಿದ್ರ ಡೈರ್ಯಾಗ ಬರಕೊಂಡ ಮರೀತಿದ್ದಿ. ಈಗ ಮರತ ನೋಡೂಣು."

ಮರೆತಿಲ್ಲ. ಆದರೂ ನನ್ನ ಕೈಕೆಳಗಿನವರಿಗೆ ನಾನು ಮುಂಚೆಯೇ ಹೇಳುತ್ತಿದ್ದೆ. ಆರು ಜೀಪಿನ ಬುಶ್ ಕೆಡಿಸಿ ಪಾಠ ಕಲಿಸುವ ಧಾರಾಳತನ ನನಗೆ ಬರಲಿಲ್ಲ.

ನೆನಪಿನಲ್ಲುಳಿದ ಇನ್ನೊಂದು ಪ್ರಕರಣ ಒಬ್ಬ ದೊಡ್ಡ ಅಧಿಕಾರಿಯ ಜೀಪಿನದು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ ಎಂದು ದೂರು. ಬ್ರೇಕಿನ ಪಟ್ಟಿ ಬದಲಿಸಿದರು, ಎಳೆಯಿತು. ಟಾಯರ್ ಬದಲಿಸಿದರು, ಎಳೆಯಿತು. ಆಮೇಲೆ ಡ್ರೈವರನನ್ನು ಬದಲಿಸಿದರು. ಹೊಸ ಡ್ರೈವರನಿಗೂ ಎಳೆಯಿತು. ಆಗ ಶೆಡ್ಡಿಗೆ ಬಂತು. ಎಡಗಡೆಯ ಬುಶ್ ಪೂರ್ತಿ ಪುಡಿಯಾಗಿತ್ತು, ಬೆರಳು ಹಾಕಿದರೆ ಕರಿ ಎಳ್ಳಿನ ಹಾಗೆ ಉದುರಿತು. ಅರ್ಧ ದಿನದ ಕೆಲಸ, ಜೀಪು ನೆಟ್ಟಗಾಯಿತು. ಹಳೆಯ ಡ್ರೈವರ ಮಾತ್ರ ನಿವೃತ್ತಿಯವರೆಗೂ ಟ್ರ್ಯಾಕ್ಟರ್ ಓಡಿಸಿದ. ಜೀಪಿನ ತಪ್ಪು ಸಿಕ್ಕಿದ ಮೇಲೂ ಅವನ ತಪ್ಪು ಕಾಗದದಲ್ಲಿ ಹಾಗೆಯೇ ಉಳಿಯಿತು. ಹುಡುಗರೇ, ಮನುಷ್ಯನನ್ನು ಬದಲಿಸುವ ಮುಂಚೆ ಒಮ್ಮೆ ಗಾಡಿಯ ಕೆಳಗೆ ಬಗ್ಗಿ ನೋಡಿ.

ಬಡ್ತಿಗಳ ಕಥೆ ಬರೆಯುವುದಿಲ್ಲ. ಬಂದಾಗ ತಡವಾಗಿ ಬಂದವು, ಅಷ್ಟೇ.

ಬರೆಯಬೇಕಾದದ್ದು ಎಣ್ಣೆಯ ಕಥೆ. ಖಂಡೆ ಪೂಜೆ, ಅಂದರೆ ದಸರೆಯ ಆಯುಧ ಪೂಜೆ, ಬಂತೆಂದರೆ ನಮ್ಮ ಕಡೆ ಕಬ್ಬಿಣದ ವಸ್ತು ಒಂದೂ ಬಿಡುವಂತಿಲ್ಲ. ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ಪೂಜೆ. ಕಾರ್ಖಾನೆಯ ಶೆಡ್ಡಿನಲ್ಲಿ ಪೂಜೆಯ ಮುಂಚಿನ ದಿನ ಗಾಡಿಗಳನ್ನು ತೊಳೆದು, ಇಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಗೆ ಡೀಸೆಲ್ ಬೆರೆಸಿ, ಗಾಡಿಯ ಹೊಟ್ಟೆಯ ತುಂಬ ಪಿಚಕಾರಿಯಿಂದ ಹೊಡೆಯುವುದು ಪದ್ಧತಿ. ಹೊಟ್ಟೆ ಮೈ ತೊಳೆದ ಕೋಣದ ಹಾಗೆ ಮಿರಮಿರ ಮಿಂಚುತ್ತಿತ್ತು. ತುಕ್ಕು ಹಿಡಿಯುವುದಿಲ್ಲ ಎಂದು ಎಲ್ಲರಿಗೂ ನಂಬಿಕೆ. ವಸ್ತಾದರು ಜಾತಿಯಲ್ಲಿ ಮುಸಲ್ಮಾನರು, ಆದರೆ ಖಂಡೆ ಪೂಜೆಯ ಎಣ್ಣೆ ಹೊಡೆಯುವ ಮಾನ ಅವರದೇ. ಬೇರೆಯವರು ಪಿಚಕಾರಿ ಮುಟ್ಟುವಂತಿರಲಿಲ್ಲ.

ಪೂಜೆಯಾಗಿ ಮೂರು ನಾಲ್ಕು ತಿಂಗಳಿಗೆ ಬುಶ್‌ಗಳು ಸಾಲಾಗಿ ಸಾಯುವುದನ್ನು ನಾನು ಎರಡು ವರ್ಷ ಗಮನಿಸಿದೆ. ರಸ್ತೆ ಕೆಟ್ಟದ್ದು ಎಂದು ಸಾಹೇಬರು ಹೇಳುತ್ತಿದ್ದರು. ರಸ್ತೆ ವರ್ಷವಿಡೀ ಕೆಟ್ಟದ್ದೇ ಇರುತ್ತಿತ್ತು. ಮೂರನೆಯ ವರ್ಷ ಒಂದು ಹೊಸ ಬುಶ್ಶಿನ ರಬ್ಬರನ್ನು ಎರಡು ತುಂಡು ಮಾಡಿ, ಒಂದನ್ನು ನೀರಿನ ಬಾಟಲಿಯಲ್ಲಿ, ಇನ್ನೊಂದನ್ನು ಆ ಕರಿ ಎಣ್ಣೆ ಡೀಸೆಲ್ಲಿನ ಬಾಟಲಿಯಲ್ಲಿ ಹಾಕಿ ಶೆಡ್ಡಿನ ಕಿಟಕಿಯಲ್ಲಿಟ್ಟೆ. ತಿಂಗಳ ಮೇಲೆ ತೆಗೆದರೆ ನೀರಿನ ತುಂಡು ಇದ್ದ ಹಾಗೆಯೇ ಇತ್ತು. ಎಣ್ಣೆಯದು ಚಹಾದಲ್ಲಿ ನೆನೆದ ಪಾವ್ ಬ್ರೆಡ್ಡಿನಂತೆ ಉಬ್ಬಿ, ಉಗುರು ತಾಗಿದರೆ ಕಿತ್ತು ಬರುತ್ತಿತ್ತು. ನಾವು ವರ್ಷಕ್ಕೊಮ್ಮೆ ಭಕ್ತಿಯಿಂದ, ಹೂ ಏರಿಸಿ, ಕಾಯಿ ಒಡೆದು, ಎಲ್ಲ ಗಾಡಿಗಳಿಗೂ ವಿಷ ಹಾಕುತ್ತಿದ್ದೆವು.

ಎರಡೂ ತುಂಡುಗಳನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಅವರು ತುಂಡುಗಳನ್ನು ನೋಡಲಿಲ್ಲ. ಮೇಜಿನ ಗಾಜಿನ ಮೇಲೆ ಬಿದ್ದ ಎಣ್ಣೆಯ ಕಲೆ ನೋಡಿದರು. "ಇದನ್ನ ಮಾಡು ಅಂತ ನಿಮಗ ಯಾರ ಹೇಳಿದ್ರು?" ಎಂದರು. ಯಾರೂ ಹೇಳಿಲ್ಲ ಎಂದೆ. "ಹಂಗಾರ ಯಾರಿಗೂ ಹೇಳಬ್ಯಾಡ್ರಿ" ಎಂದರು. ಅಲ್ಲಿಗೆ ವಿಜ್ಞಾನ ಮುಗಿಯಿತು. ಎರಡು ವರ್ಷವಾದ ಮೇಲೆ ಗಾಡಿಗಳ ಹೊಟ್ಟೆಗೆ ಎಣ್ಣೆ ಹೊಡೆಯಕೂಡದು ಎಂಬ ಸುತ್ತೋಲೆ ಸಾಹೇಬರ ಸಹಿಯಲ್ಲೇ ಹೊರಟಿತು, ಅವರದೇ ಸಂಶೋಧನೆ ಎಂಬ ಧಾಟಿಯಲ್ಲಿ. ಅದರ ಇಂಗ್ಲಿಷ್ ಕರಡು ಬರೆದುಕೊಟ್ಟವನು ನಾನೇ. ಡಿಗ್ರಿ ಅಷ್ಟಕ್ಕಾದರೂ ಬೇಕಾಯಿತಲ್ಲ ಎಂದುಕೊಂಡೆ.

ನನಗೆ ಹೆದರಿಕೆ ಇದ್ದದ್ದು ವಸ್ತಾದರದು. ಅವರ ಜೀವಮಾನದ ಮಾನ ಆ ಪಿಚಕಾರಿ. ಸುತ್ತೋಲೆಗೂ ಮುಂಚೆಯೇ ಆ ಎರಡು ತುಂಡುಗಳನ್ನು ಅವರ ಕೈಗೆ ಕೊಟ್ಟಿದ್ದೆ. ಬಹಳ ಹೊತ್ತು ಹಿಚುಕಿ ನೋಡಿದರು, ಮೂಸಿ ನೋಡಿದರು, ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಮನೆಗೆ ಹೋದರು. ಆ ವರ್ಷದ ಖಂಡೆ ಪೂಜೆಗೆ ಹುಡುಗರು ಎಣ್ಣೆ ಬೆರೆಸಿ ತಂದಾಗ ಡಬ್ಬಿಯನ್ನು ಕಾಲಿನಿಂದ ಬದಿಗೆ ಸರಿಸಿ, "ಈ ಸಲ ಹೂವ ಸಾಕು" ಎಂದರು. ಸಾಹೇಬರಿಗೆ ಎರಡು ವರ್ಷ ಹಿಡಿದದ್ದು ಮೂರನೆಯ ಇಯತ್ತೆಯ ಮನುಷ್ಯನಿಗೆ ಒಂದು ರಾತ್ರಿ ಹಿಡಿಯಿತು. ಆಮೇಲೆ ಅವರು ನನ್ನನ್ನು ಬ್ಯಾಟರಿ ಹಿಡಿ ಎನ್ನಲಿಲ್ಲ. ನಾನು ಕೆಳಗಿದ್ದಾಗ ತಾವೇ ಹಿಡಿಯುತ್ತಿದ್ದರು.

ಈಗ ಅಂಗಳದ ಕಾರಿಗೆ ಬರೋಣ. ಕೊಟ್ಟ ಹದಿನೈದು ದಿನದಲ್ಲಿ ಗ್ಯಾರೇಜು, ಮಿರಜು ತಿರುಗುವುದರಲ್ಲಿಯೇ ಹನ್ನೊಂದು ಹೋಗಿದ್ದವು. ಸುಜಾತಾ ನಾಲ್ಕು ದಿನ ರಜೆ ಹಾಕಿ ಹಳೆಯ ಚೂಡಿದಾರ ತೊಟ್ಟು ಬಂದಳು. ನನ್ನ ಮೊಣಕಾಲು ಈಗ ಬಗ್ಗುವುದಿಲ್ಲ, ಬಗ್ಗಿದರೆ ಏಳುವುದಿಲ್ಲ. ಆದ್ದರಿಂದ ಕೆಳಗೆ ಹೋಗುವವಳು ಆಕೆ, ಹೇಳುವವನು ನಾನು. ಮಾಮಾ ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿನಲ್ಲಿ ಹಾಕಿಕೊಂಡರು. ಅವರಿಗೆ ಯಾರೂ ಕೆಲಸ ಹೇಳಿರಲಿಲ್ಲ. ಅದೇ ಅವರ ಅರ್ಹತೆ.

ಗಾಡಿಯನ್ನು ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆವು. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬೇಡಿ, ಇಟ್ಟಿಗೆಯನ್ನಂತೂ ನಂಬಲೇಬೇಡಿ. ಇಟ್ಟಿಗೆ ಒಡೆಯುವ ಮುಂಚೆ ಸದ್ದು ಮಾಡುವುದಿಲ್ಲ. ಗಾಲಿ ಬಿಚ್ಚಿ, ತುಕ್ಕು ಹಿಡಿದ ಬೋಲ್ಟುಗಳೊಂದಿಗೆ ಒಂದು ಹಗಲು ಗುದ್ದಾಡಿ ತೋಳುಗಳನ್ನು ಇಳಿಸಿದೆವು. ಕಾರ್ಖಾನೆಯಲ್ಲಿ ಬುಶ್ ಒತ್ತಿ ತೆಗೆಯಲು ಪ್ರೆಸ್ಸಿತ್ತು. ಮನೆಯಲ್ಲಿ ಇದ್ದದ್ದು ಮೊಳದುದ್ದದ ಒಂದು ಬೋಲ್ಟ್, ಎರಡು ನಟ್ಟು, ದಪ್ಪ ವಾಶರುಗಳು, ಬೋರಿನ ಪೈಪಿನ ಗೇಣುದ್ದ ತುಂಡು. ಬೋಲ್ಟನ್ನು ಬುಶ್ಶಿನ ನಡುವೆ ತೂರಿಸಿ, ಪೈಪಿನ ತುಂಡನ್ನು ಆಚೆ ಬದಿಗಿಟ್ಟು ನಟ್ಟು ತಿರುಗಿಸುತ್ತ ಹೋದರೆ ಬುಶ್ ಎಳೆದುಕೊಂಡು ಪೈಪಿನೊಳಗೆ ಇಳಿಯುತ್ತದೆ. ಸುತ್ತಿಗೆ ಬೇಕಿಲ್ಲ. ಸುತ್ತಿಗೆ ಎತ್ತಿದವನು ತೋಳು ಡೊಂಕು ಮಾಡಿಯೇ ಕೆಳಗಿಡುತ್ತಾನೆ.

"ಬಡೀರಲಾ," ಎಂದರು ಮಾಮಾ ಕುರ್ಚಿಯಿಂದ. "ನಾಕ ಏಟ ಹಾಕಿದ್ರ ಬರತೈತಿ."

"ಮಾಮಾ, ನಿಮ್ಮ ಆಫೀಸಿನ್ಯಾಗ ಫೈಲ್ ಹಿಂಗ ಬಡದ ತಗೀತಿದ್ರಿ ಏನ್ರಿ?" ಎಂದಳು ಸುಜಾತಾ ನಟ್ಟು ತಿರುಗಿಸುತ್ತಲೇ.

"ನಮ್ಮ ಫೈಲ್ ತಾವ ಬರ್ತಿದ್ವು ಬೇ. ಜನಾ ಬಡೀಬೇಕಿತ್ತು."

ಹೊಸ ಬುಶ್ ಕೂರಿಸುವಾಗ ಗ್ರೀಸು, ಎಣ್ಣೆ ಮುಟ್ಟಿಸಲಿಲ್ಲ. ಸೋಪಿನ ನೀರು ಸಾಕು, ಜಾರಲು ನೆರವಾಗಿ ಆಮೇಲೆ ಆರಿಹೋಗುತ್ತದೆ. ಮೊದಲನೆಯ ಬುಶ್ ನಾನೇ ಎಳೆದು ಕೂರಿಸಿದೆ, ಮಗಳಿಗೆ ತೋರಿಸುವ ಹುರುಪಿನಲ್ಲಿ. ಬಳೆ ಅಂಚಿಗೆ ಅಂಚು ಸೇರಿ ಕುಳಿತಿತು. ಬೆನ್ನು ನೆಟ್ಟಗೆ ಮಾಡಿ ಮಾಮಾನ ಕಡೆ ನೋಡಿದೆ. ಸುಜಾತಾ ಮಾತ್ರ ಮೊಬೈಲ್ ನೋಡುತ್ತಿದ್ದಳು.

"ಅಪ್ಪಾ, ಒಂದ ಮಿನಿಟ್. ಹಳೇ ಬುಶ್ಶಿಂದ ಫೋಟೋ ತಗದಿದ್ನಿ. ಅದರಾಗ ಈ ಎರಡ ತೂತ ಗಾಡಿ ಮುಂದ ಹಿಂದ ಇದ್ವು. ನೀವ ಹಾಕಿದ್ದ ಅಡ್ಡ ಬಂದಾವ ನೋಡ್ರಿ."

ನೋಡಿದೆ. ಅಡ್ಡ ಬಂದಿದ್ದವು. ಈ ಜಾತಿಯ ಬುಶ್ಶಿನ ರಬ್ಬರಿನಲ್ಲಿ ಬೇಕೆಂದೇ ಎರಡು ಖಾಲಿ ಜಾಗ ಬಿಟ್ಟಿರುತ್ತಾರೆ, ಅವು ಇಂಥದೇ ದಿಕ್ಕಿಗೆ ಇರಬೇಕು. ತಪ್ಪು ದಿಕ್ಕಿಗೆ ಹಾಕಿದರೆ ರಬ್ಬರು ಮತ್ತೆ ಹರಿಯುತ್ತದೆ. ಮೂವತ್ನಾಲ್ಕು ವರ್ಷದ ಅನುಭವ, ಫಿಜಿಕ್ಸಿನ ಡಿಗ್ರಿ, ಎರಡೂ ಸೇರಿ ಒಂದು ಮೊಬೈಲಿನ ಫೋಟೋದೆದುರು ತಲೆ ತಗ್ಗಿಸಿದವು. ನಾನು ಡೈರಿಯಲ್ಲಿ ಚಿತ್ರ ಬರೆಯುತ್ತಿದ್ದವನು, ಈ ಸಲ ಗೊತ್ತಿದೆ ಎಂದು ಬರೆದಿರಲಿಲ್ಲ. ಗೊತ್ತಿದೆ ಎನ್ನುವವರಿಂದಲೇ ಈ ಕಸುಬು ಹೆಚ್ಚು ಕೆಟ್ಟಿದೆ.

ಈಗ ಅದನ್ನು ಹೊರಗೆ ತೆಗೆಯಬೇಕು. ಅದು ಕಡೆಯ ಜೋಡಿ. ತೆಗೆಯುವಾಗ ಒಳಗಿನ ಕೊಳವೆಯನ್ನು ಎಳೆದರೆ ರಬ್ಬರು ಕಿತ್ತು ಬರುತ್ತದೆ, ಆಮೇಲೆ ಗುಜರಿಯೇ ಗತಿ. ಸುಜಾತಾಳ ಮುಖ ನಾನು ನೋಡಿದೆ. ಎಂಟು ಗಂಟೆಯ ಡ್ಯೂಟಿ ಆ ಮುಖದಲ್ಲಿತ್ತು. ಮಾಮಾ ಕೂಡ ಆ ಹೊತ್ತಿನಲ್ಲಿ ಸುಮ್ಮನಿದ್ದರು. ಅವರು ಸುಮ್ಮನಾದರೆ ಪರಿಸ್ಥಿತಿ ನಿಜವಾಗಿಯೂ ಕೆಟ್ಟಿದೆ ಎಂದು ಅರ್ಥ.

ಹೊರಗಿನ ಬಳೆಯ ಅಂಚಿಗಷ್ಟೇ ಸರಿಯಾಗಿ ಕೂರುವ ವಾಶರು ಬೇಕಾಯಿತು. ಮನೆಯಲ್ಲಿರಲಿಲ್ಲ. ಒಂದು ವಾಶರನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ಉಜ್ಜಿ ಅಳತೆಗೆ ತರಲು ಎರಡು ತಾಸು ಹಿಡಿಯಿತು. ಬಳೆಗೆ ಮಾತ್ರ ತಾಗುವಂತೆ ಅದನ್ನಿಟ್ಟು, ಸೋಪಿನ ನೀರು ಹನಿಸಿ, ನಟ್ಟನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿದೆವು. ಈ ಸಲ ಪಾನಾ ಆಕೆಯ ಕೈಯಲ್ಲಿತ್ತು. ಬುಶ್ ಗೀರು ಕೂಡ ಬೀಳದೆ ಹೊರಬಂತು. ತೂತುಗಳ ದಿಕ್ಕು ನೋಡಿ, ಸೀಮೆಸುಣ್ಣದಿಂದ ಗುರುತು ಹಾಕಿ, ಎರಡನ್ನೂ ಆಕೆಯೇ ಕೂರಿಸಿದಳು.

ಮರುದಿನ ತೋಳುಗಳನ್ನು ಏರಿಸಿ, ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ಗಾಲಿ ಹಾಕಿ ಗಾಡಿಯನ್ನು ನೆಲಕ್ಕಿಳಿಸಿದೆವು. ಕಬ್ಬಿನ ಟ್ರೇಲರಿನ ಹಳೆಯ ದಪ್ಪ ಹಲಗೆಗಳನ್ನು ಜೋಡಿಸಿ ನಾಲ್ಕೂ ಗಾಲಿಗಳನ್ನು ಅದರ ಮೇಲೆ ಹತ್ತಿಸಿ, ಹಿಂದೆ ಮುಂದೆ ತಡೆ ಕೊಟ್ಟೆವು. ಕೆಳಗೆ ನುಸುಳಲು ಅಷ್ಟು ಜಾಗ ಸಾಕು. ಕೊನೆಯ ಬಿಗಿಗೆ ಗಾಡಿಯ ಭಾರವೇ ಸಾಕಾಗುತ್ತದೆ. ಆದರೆ ಸುಜಾತಾ ಡ್ಯೂಟಿಗೆ ಎಂದೂ ಒಬ್ಬಳೇ ಹೋಗುವುದಿಲ್ಲ, ಕೇಂದ್ರದ ಇಬ್ಬರು ಹೆಣ್ಣುಮಕ್ಕಳು ಜೊತೆಗಿರುತ್ತಾರೆ. ಓಡುವಾಗ ಎಷ್ಟು ಭಾರವೋ ಅಷ್ಟನ್ನೇ ಹಾಕಿ ಬಿಗಿಯೋಣ ಎಂದುಕೊಂಡೆ. ಸುತ್ತಲೂ ನೋಡಿದೆ. ನೆರಳಿನಲ್ಲಿ ಭಾರ ಕುಳಿತಿತ್ತು.

"ಮಾಮಾ, ಒಳಗ ಬಂದ ಕುಂದರ್ರಿ. ಮುಂದಿನ ಸೀಟಿಗೆ."

"ಯಾಕ?"

"ಒಜ್ಜಿ ಬೇಕಾಗೇತ್ರಿ."

"ನನ್ನ ಮ್ಯಾಲ ಗಾಡಿ ಬೀಳತೈತೇನು?"

"ಇಲ್ರಿ ಮಾಮಾ, ನೀವ ಗಾಡಿ ಮ್ಯಾಲ ಇರ್ತೀರಿ. ಬಿದ್ರ ನನ್ನ ಮ್ಯಾಲ," ಎಂದಳು ಸುಜಾತಾ ಕೆಳಗೆ ಸರಿಯುತ್ತ.

ಕುಳಿತರು. ಗಾಡಿ ಒಂದು ಬೆರಳಿನಷ್ಟು ತಗ್ಗಿತು. ಆಕೆ ಬಿಗಿಯ ಅಳತೆ ತೋರಿಸುವ ಪಾನಾದಿಂದ ನಾಲ್ಕು ಬೋಲ್ಟು ಬಿಗಿದು, ಸಡಿಲಾದರೆ ಕಣ್ಣಿಗೆ ಬೀಳಲಿ ಎಂದು ಪ್ರತಿ ನಟ್ಟಿನ ಮೇಲೆ ಬಿಳಿ ಬಣ್ಣದ ಗೆರೆ ಎಳೆದಳು. ಮಾಮಾ ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ಕುಳಿತಿದ್ದರು. ಅದರಿಂದ ಭಾರ ಹೆಚ್ಚುವುದಿಲ್ಲ, ಆದರೆ ಹೇಳುವವರು ಯಾರು.

ತಪಾಸಣೆಯ ಮುನ್ನಾದಿನ ನಾನು ಔಷಧಿ ತರಲು ಪೇಟೆಗೆ ಹೋಗಿ ಬರುವುದರೊಳಗೆ ಮಾಮಾ ಪ್ರೀತಿಯಿಂದ ಒಂದು ಉಪಕಾರ ಮಾಡಿಟ್ಟಿದ್ದರು. ಗಾಡಿ ತೊಳೆಯುವವನನ್ನು ಕರೆಸಿ ಕಾರಿನ ಹೊಟ್ಟೆಗೆಲ್ಲ ಕರಿ ಎಣ್ಣೆ ಹೊಡೆಸಿದ್ದರು.

"ಸಾಹೇಬ್ರ ಮುಂದ ಹೋಗೂ ಗಾಡಿ, ಜರಾ ಮಿಂಚಲಿ ಅಂತ," ಎಂದರು.

ಬಾಯಿಗೆ ಬಂದದ್ದನ್ನು ಆಡಿದ್ದರೆ ಅಕ್ಕನ ಮನೆಗೆ ಮತ್ತೆ ಹೋಗುವ ದಾರಿ ಇರುತ್ತಿರಲಿಲ್ಲ. ಸುಜಾತಾ ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿದಳು. ಒಂದು ದಿನದ ಎಣ್ಣೆ ರಬ್ಬರನ್ನು ಕೊಲ್ಲುವುದಿಲ್ಲ, ಬೇಗ ತೊಳೆದರೆ ಆಯಿತು. ಆದರೆ ಎಣ್ಣೆ ಮೆತ್ತಿದ ಗಾಡಿಯನ್ನು ನೋಡಿದ ಯಾವ ಇನ್‌ಸ್ಪೆಕ್ಟರೂ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯುತ್ತಾನೆ, ನಾನಾಗಿದ್ದರೂ ಹಾಗೆಯೇ ತಿಳಿಯುತ್ತಿದ್ದೆ. ಸಂಜೆಯ ತನಕ ಉಜ್ಜಿದೆವು. ಬಿಳಿ ಗೆರೆಗಳನ್ನು ಮತ್ತೆ ಎಳೆದೆವು. ಮಾಮಾ ಬಕೆಟ್ ತುಂಬಿಸಿ ಕೊಟ್ಟರು, ಅಷ್ಟನ್ನು ಒಪ್ಪಿಕೊಳ್ಳಬೇಕು.

ಚಿಕ್ಕೋಡಿಗೆ ಮೂವರೂ ಹೋದೆವು. ಮಾಮಾ ಬರುವುದು ಬೇಡ ಎಂದು ಹೇಳುವ ಧೈರ್ಯ ನನಗಾಗಲಿಲ್ಲ, ಅಲ್ಲದೆ ಅವರ ಭಾರಕ್ಕೆ ಬಿಗಿದ ಗಾಡಿ. ಇನ್‌ಸ್ಪೆಕ್ಟರು ಅದೇ ಮನುಷ್ಯ, ನಲವತ್ತರ ಒಳಗಿನವರು, ಕಡಿಮೆ ಮಾತು. ಸರಳು ತಂದು ಗಾಲಿಯ ಹಿಂದೆ ತೂರಿಸಿ ಮೀಟಿದರು. ಗಾಲಿ ಅಲುಗಲಿಲ್ಲ. ಇನ್ನೊಂದು ಬದಿ ಮೀಟಿದರು, ಅದೂ ಅಲುಗಲಿಲ್ಲ. ತಾವೇ ಕುಳಿತು ಓಡಿಸಿ, ಜೋರಾಗಿ ಬ್ರೇಕ್ ಹಾಕಿದರು. ಗಾಡಿ ನೆಟ್ಟಗೆ ನಿಂತಿತು. ಆಮೇಲೆ ಕೆಳಗೆ ಬಗ್ಗಿ ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು. ಸುಜಾತಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಈ ಬಿಳೀ ಗೆರಿ ಯಾರ ಹಾಕ್ಯಾರ?"

"ನಾ ರೀ ಸರ್."

"ಯಾವ ಗ್ಯಾರೇಜಿನ್ಯಾಗ ಮಾಡಿಸಿದ್ರಿ?"

"ಮನ್ಯಾಗ ಮಾಡೀವ್ರಿ. ಬುಶ್ ನಾನ ಹಾಕೀನಿ. ಇವ್ರ ನಮ್ಮ ಅಪ್ಪ, ಇವ್ರ ಹೇಳಿಕೊಟ್ರು."

"ಬಿಗಿ ಮಾಡಿದಾಗ ಗಾಡಿ ಎತ್ತಿದ್ರಿ, ಇಳಿಸಿದ್ರಿ?"

ಮೂವತ್ನಾಲ್ಕು ವರ್ಷದಲ್ಲಿ ಯಾವ ಮೇಲಧಿಕಾರಿಯೂ ಈ ಪ್ರಶ್ನೆ ಕೇಳಿರಲಿಲ್ಲ.

"ಇಳಿಸಿ, ಒಜ್ಜಿ ಹಾಕಿ ಬಿಗದೀವ್ರಿ," ಎಂದಳು.

ಅವರು ತಲೆಯಾಡಿಸಿ ಒಳಗೆ ಹೋದರು. ಮುಕ್ಕಾಲು ತಾಸು ಕಾದೆವು. ಕಿಟಕಿಯಿಂದ ಹೆಸರು ಕೂಗಿದಾಗ ಸುಜಾತಾ ಹೋಗಿ ಎರಡೂ ಕೈಯಲ್ಲಿ ಸರ್ಟಿಫಿಕೇಟು ಇಸಿದುಕೊಂಡಳು. ಐದು ವರ್ಷ. ಅಲ್ಲೇ ನಿಂತು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿ, ಮಡಚದೆ ನನ್ನ ಕೈಗೆ ಕೊಟ್ಟಳು. ನಾನೂ ಓದಿದೆ. ಅಕ್ಷರಗಳು ಸ್ವಲ್ಪ ಮಸುಕಾಗಿ ಕಂಡವು, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೆ.

ಮಾಮಾ ಬೇವಿನ ಗಿಡದ ಕೆಳಗೆ ನಿಂತು ಮೊಬೈಲಿನಲ್ಲಿ ಅಕ್ಕನಿಗೆ ಹೇಳುತ್ತಿದ್ದರು, ಇಡೀ ಚಿಕ್ಕೋಡಿಗೆ ಕೇಳುವ ಹಾಗೆ:

"ಹಾಂ, ಪಾಸ್ ಆತು. ಆಗದ ಏನ? ಯಶವಂತ ಹೇಳ್ಯಾನ, ಪೋರಿ ಬಿಗದಾಳ, ಎಲ್ಲಾ ಖರೆ. ಆದ್ರ ಬಿಗಿಯೂವಾಗ ಒಳಗ ಕುಂತಾಂವ ಯಾರ ಕೇಳು."